ಬಾಗಿಲಿಗೆ ಬಣ್ಣ ಹೊಡೆಯಲೂ ಎಚ್‌ಒಎ ಒಪ್ಪಿಗೆ ಬೇಕೇ?

ಪ್ರಶ್ನೆ: ನಮಸ್ಕಾರ. ನಾವು ಎರಡು ವರ್ಷದ ಹಿಂದೆ ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್‌ನಲ್ಲಿ ಮನೆ ತಗೊಂಡೆವು. ಬಿಡಿ ಮನೆ, ಆದರೆ ಬಡಾವಣೆಗೆ ಎಚ್‌ಒಎ, ಅಂದರೆ ಮನೆಯೊಡೆಯರ ಅಸೋಸಿಯೇಷನ್ ಇದೆ. ಯುಗಾದಿಗೆ ಮುಂಬಾಗಿಲಿಗೆ ಕುಂಕುಮದ ಬಣ್ಣ ಹೊಡೆಸಿ, ಬಟ್ಟೆಯ ತೋರಣ ಕಟ್ಟಿದ್ದೆವು. ಈಗ ಪತ್ರ ಬಂದಿದೆ: ಬಾಗಿಲ ಬಣ್ಣ ಬದಲಿಸಿ, ತೋರಣ ತೆಗೆಯಿರಿ, ಇಲ್ಲದಿದ್ದರೆ ದಂಡ, ಇನ್ನು ಮೂರು ವಾರಕ್ಕೆ ಹಿಯರಿಂಗ್ ಅಂತ. ಹಿತ್ತಿಲಿಗೆ ಪ್ಯಾಟಿಯೊ ಕವರ್ (ಕೂರುವ ಜಾಗದ ಮೇಲೆ ಛಾವಣಿ) ಹಾಕಿಸಲು ಅರ್ಜಿ ಕೊಟ್ಟಿದ್ದೆವು. ‘ಬಡಾವಣೆಯ ಅಂದಕ್ಕೆ ಹೊಂದುವುದಿಲ್ಲ’ ಎಂದು ಕಮಿಟಿ ಒಂದೇ ಸಾಲಿನಲ್ಲಿ ತಳ್ಳಿಹಾಕಿದೆ. ಮುಂದೆ ಸೋಲಾರ್ ಹಾಕಿಸುವ ಯೋಚನೆ ಇದೆ. ಮನೆ ಮುಂದಿನ ಹುಲ್ಲು ತೆಗೆದು ಅಲ್ಲೊಂದು ತುಳಸಿ ಕಟ್ಟೆ ಕಟ್ಟಿಸಬೇಕು ಅನ್ನುವುದು ನಮ್ಮ ಅತ್ತೆಯವರ ಆಸೆ. ಅವರಿಗೆ ಮೊಣಕಾಲು ನೋವು, ಹಾಗಾಗಿ ಮುಂದಿನ ಮೆಟ್ಟಿಲಿಗೆ ರೇಲಿಂಗ್ ಕೂಡ ಬೇಕು. ಟೆಕ್ಸಾಸ್‌ನಲ್ಲಿರುವ ನಾದಿನಿ ‘ದೇವರ ವಸ್ತು ಎಲ್ಲಿ ಬೇಕಾದರೂ ಇಡಬಹುದು, ಕಾನೂನೇ ಇದೆ’ ಅಂತಾರೆ. ನಮ್ಮ ಮನೆಯವರು ‘ಸುಮ್ನೆ ಅವರು ಹೇಳಿದಂಗೆ ಮಾಡಿಬಿಡು, ಜಗಳ ಯಾಕೆ’ ಅಂತಾರೆ. ನಮ್ಮ ದುಡ್ಡಿನ ಮನೆಗೆ ಇವರ ಒಪ್ಪಿಗೆ ಯಾಕೆ ಬೇಕು? ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ಆರೇಳು ವಿಷಯ ಸೇರಿಕೊಂಡಿವೆ. ನಿಮಗೆ ಬಂದ ನೋಟಿಸು ಬಾಗಿಲ ಬಣ್ಣವನ್ನೂ ತೋರಣವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕ್ಯಾಲಿಫೋರ್ನಿಯಾದ ಕಾನೂನು ಇವೆರಡನ್ನು ಒಂದೇ ಅಂತ ನೋಡುವುದಿಲ್ಲ. ನಿಮ್ಮ ಮನೆಯವರು ಹೇಳಿದಂತೆ ಎಲ್ಲವನ್ನೂ ಬಿಟ್ಟುಕೊಡಬೇಕಾಗಿಲ್ಲ. ನಾದಿನಿ ಹೇಳಿದಂತೆ ಎಲ್ಲವನ್ನೂ ಉಳಿಸಿಕೊಳ್ಳಲೂ ಆಗುವುದಿಲ್ಲ. ಬಣ್ಣದಲ್ಲಿ ನೀವು ಸೋಲುತ್ತೀರಿ. ತೋರಣದಲ್ಲಿ ಬಹುತೇಕ ಗೆಲ್ಲುತ್ತೀರಿ. ಪ್ಯಾಟಿಯೊ ಕವರ್ ವಿಷಯದಲ್ಲಿ ಅಸೋಸಿಯೇಷನ್ನೇ ನಿಯಮ ಮುರಿದಿದೆ.

ಮೊದಲು ‘ನಮ್ಮ ಮನೆಗೆ ಇವರ ಒಪ್ಪಿಗೆ ಯಾಕೆ’ ಅನ್ನುವ ಮಾತು. ಈ ಸಂಕಟ ನನಗೆ ಅರ್ಥವಾಗುತ್ತದೆ. ಊರಲ್ಲಿ ಸ್ವಂತ ಸೈಟಿನಲ್ಲಿ ಮನೆ ಕಟ್ಟಿದವರಿಗೆ ಪ್ಲಾನ್ ಪಾಸ್ ಮಾಡಿಸುವ ತಲೆನೋವು ಇರುತ್ತದೆ. ಆದರೆ ಗೋಡೆಗೆ ಯಾವ ಬಣ್ಣ, ಬಾಗಿಲಿಗೆ ಯಾವ ಬಣ್ಣ ಅಂತ ಬೀದಿಯವರನ್ನು ಕೇಳುವ ರೂಢಿ ನಮ್ಮಲ್ಲಿಲ್ಲ. ಇಲ್ಲಿ ಕಥೆ ಬೇರೆ. ನೀವು ಮನೆ ಕೊಂಡಾಗ, ವ್ಯವಹಾರ ಮುಗಿಸಿಕೊಡುವ ಎಸ್ಕ್ರೋದಲ್ಲಿ ದಪ್ಪನೆಯ ಕಾಗದದ ಕಟ್ಟು ಕೊಟ್ಟಿರುತ್ತಾರೆ. ಅದರಲ್ಲಿ ಸಿಸಿ ಅಂಡ್ ಆರ್ ಎಂಬ ದಾಖಲೆ ಇದೆ. ಬಡಾವಣೆ ಕಟ್ಟಿದ ಬಿಲ್ಡರ್ ಅದನ್ನು ಕೌಂಟಿ ರೆಕಾರ್ಡರ್ ಕಚೇರಿಯಲ್ಲಿ ಮೊದಲೇ ನೋಂದಾಯಿಸಿರುತ್ತಾರೆ. ಅದು ಜಾಗಕ್ಕೇ ಅಂಟಿಕೊಂಡ ಕರಾರು. ಮನೆ ಯಾರ ಕೈಗೆ ಹೋದರೂ ಕರಾರೂ ಜೊತೆಗೆ ಹೋಗುತ್ತದೆ. ಓದಿದ್ದೀರೋ ಇಲ್ಲವೋ ಅನ್ನುವುದು ಲೆಕ್ಕಕ್ಕೆ ಬರುವುದಿಲ್ಲ.

ಕೋರ್ಟುಗಳೂ ಇದನ್ನು ಗಟ್ಟಿಯಾಗಿ ಎತ್ತಿಹಿಡಿದಿವೆ. ಕಲ್ವರ್ ಸಿಟಿಯ ಒಂದು ಕಾಂಡೋದಲ್ಲಿ ಒಬ್ಬ ಮಹಿಳೆ ಮೂರು ಬೆಕ್ಕು ಸಾಕಿದ್ದರು. ಅಲ್ಲಿನ ಸಿಸಿ ಅಂಡ್ ಆರ್‌ನಲ್ಲಿ ಬೆಕ್ಕು ಸಾಕಬಾರದು ಅಂತ ಇತ್ತು. ಬೆಕ್ಕು ಯಾರಿಗೂ ತೊಂದರೆ ಕೊಟ್ಟಿಲ್ಲ, ಮನೆಯೊಳಗೇ ಇವೆ ಅನ್ನುವುದು ಅವರ ವಾದ. 1994ರಲ್ಲಿ ಕ್ಯಾಲಿಫೋರ್ನಿಯಾ ಸುಪ್ರೀಂ ಕೋರ್ಟ್ ಆ ವಾದ ಒಪ್ಪಲಿಲ್ಲ. ನೋಂದಾಯಿತ ಕರಾರು ಇಡೀ ಬಡಾವಣೆಗೆ ಸಮಂಜಸ ಇದೆಯೇ ಅಂತ ನೋಡಬೇಕು, ಒಬ್ಬೊಬ್ಬರ ಮನೆಯ ಕಥೆ ನೋಡುವುದಲ್ಲ ಅಂದಿತು. ಮುಂದೆ ಸಾಕುಪ್ರಾಣಿಯ ಬಗ್ಗೆ ಶಾಸನ ಬದಲಾಯಿತು. ಆದರೆ ಆ ತೀರ್ಪಿನ ತತ್ವ ಇವತ್ತಿಗೂ ನಿಂತಿದೆ. ಹಾಗಾಗಿ ‘ನಮ್ಮ ಮನೆ, ನಮ್ಮ ಇಷ್ಟ’ ಅನ್ನುವ ಮಾತನ್ನು ಹಿಯರಿಂಗ್‌ನಲ್ಲಿ ದಯವಿಟ್ಟು ಆಡಬೇಡಿ. ಅದರಿಂದ ಏನೂ ಸಿಗುವುದಿಲ್ಲ.

ಇನ್ನು ಬಾಗಿಲ ಬಣ್ಣ. ಮನೆಯ ಹೊರಗಿನ ಬದಲಾವಣೆಗೆ ಒಪ್ಪಿಗೆ ಕೊಡುವ ನಮ್ಮ ಬಡಾವಣೆಯ ಆರ್ಕಿಟೆಕ್ಚರಲ್ ಕಮಿಟಿಯಲ್ಲಿ ನಾನು ಒಂಬತ್ತು ವರ್ಷ ಕೆಲಸ ಮಾಡಿದ್ದೇನೆ. ನಮ್ಮ ಮುಂದೆ ಬರುತ್ತಿದ್ದ ತಕರಾರುಗಳಲ್ಲಿ ಬಣ್ಣದ್ದೇ ಜಾಸ್ತಿ. ಮನೆಯವರು ಬ್ರಷ್ ಕೆಳಗಿಟ್ಟ ಮೇಲೆ ಅರ್ಜಿ ತರುತ್ತಿದ್ದರು. ಬಣ್ಣದ ಹಿಂದೆ ಎಷ್ಟೇ ಭಕ್ತಿ ಇದ್ದರೂ ಅದನ್ನು ಕಾಯುವ ಶಾಸನ ಯಾವುದೂ ಇಲ್ಲ. ಅಂದದ ವಿಷಯದಲ್ಲಿ ಅಸೋಸಿಯೇಷನ್‌ಗೆ ಕೋರ್ಟುಗಳು ತುಂಬಾ ಸಡಿಲ ಕೊಟ್ಟಿವೆ. ಸ್ಯಾನ್ ಡಿಯಾಗೊ ಕೌಂಟಿಯ ರ‍್ಯಾಂಚೊ ಸಾಂತಾ ಫೆಯಲ್ಲಿ ಒಬ್ಬ ಮನೆಯೊಡತಿ ಹೊಸ ಕೋಣೆ ಮತ್ತು ಬೇಲಿಗಾಗಿ ಕೇಸು ಹಾಕಿ ಕೆಳಗಿನ ಕೋರ್ಟಿನಲ್ಲಿ ಗೆದ್ದಿದ್ದರು. 2000ದಲ್ಲಿ ಮೇಲ್ಮನವಿ ಕೋರ್ಟು ಅದನ್ನು ತಿರುಗಿಸಿತು. ಚಂದ ಯಾವುದು ಅನ್ನುವುದು ಅಭಿಪ್ರಾಯದ ಮಾತೇ ಇರಬಹುದು, ಆದರೂ ಅದನ್ನು ತೀರ್ಮಾನಿಸುವ ಅಧಿಕಾರವನ್ನು ಕರಾರು ಅಸೋಸಿಯೇಷನ್‌ಗೆ ಕೊಟ್ಟಿದೆ ಅಂದಿತು.

ಹಾಗಂತ ಬಾಗಿಲ ಹಳೇ ಬಣ್ಣಕ್ಕೇ ಹಿಂತಿರುಗಬೇಕಿಲ್ಲ. ನಿಮ್ಮ ಅಸೋಸಿಯೇಷನ್‌ಗೆ ಒಪ್ಪಿತ ಬಣ್ಣಗಳ ಪಟ್ಟಿ ಇದೆಯೇ ಅಂತ ಕೇಳಿ. ಬಹುತೇಕ ಇರುತ್ತದೆ. ಗೋಡೆಗೆ ಮೆತ್ತನೆಯ ಬಣ್ಣಗಳಿದ್ದರೂ ಬಾಗಿಲಿಗೆ ಅಂತ ಒಂದೆರಡು ಗಾಢ ಬಣ್ಣ ಬಿಟ್ಟಿರುತ್ತಾರೆ. ಇಟ್ಟಿಗೆ ಕೆಂಪು, ಕಂದು ಕೆಂಪು ಇಂಥವು ಎಷ್ಟೋ ಪಟ್ಟಿಗಳಲ್ಲಿ ಇವೆ. ಬೇ ಏರಿಯಾದ ಹಳೇ ಪಟ್ಟಿಗಳಲ್ಲಿ ಕೆಲ್ಲಿ-ಮೂರ್ ಕಂಪನಿಯ ನಂಬರ್ ಇರುತ್ತದೆ. ಆ ಕಂಪನಿ 2024ರ ಜನವರಿಯಲ್ಲಿ ಮುಚ್ಚಿತು. ಆ ನಂಬರ್ ಹೇಳಿದರೆ ಬೇರೆ ಪೇಂಟ್ ಅಂಗಡಿಯವರು ಹೊಂದಿಸಿ ಕೊಡುತ್ತಾರೆ. ಆದರೆ ಹೊಂದಿಸಿದ ಬಣ್ಣದ ಚೀಟಿಯನ್ನು ಅರ್ಜಿಗೆ ಅಂಟಿಸಿ ಒಪ್ಪಿಗೆ ಪಡೆದ ಮೇಲೆಯೇ ಡಬ್ಬಿ ತೆಗೆಯಿರಿ.

ಬೀದಿಯಲ್ಲಿ ಇನ್ಯಾರದ್ದಾದರೂ ಬಾಗಿಲು ನಿಮ್ಮದೇ ಕೆಂಪಿನಲ್ಲಿದ್ದರೆ ಅದು ಬೇರೆ ಮಾತು. ಒಬ್ಬರಿಗೊಂದು ನ್ಯಾಯ, ಇನ್ನೊಬ್ಬರಿಗೊಂದು ನ್ಯಾಯ ನಡೆಯುವುದಿಲ್ಲ. ನಿಯಮವನ್ನು ಎಲ್ಲರಿಗೂ ಒಂದೇ ತರಹ ಹಾಕಬೇಕು. ಬೀದಿಯಲ್ಲಿ ನಿಂತು ಫೋಟೊ ತೆಗೆದುಕೊಳ್ಳಿ, ತಾರೀಖು ಬರೆದಿಡಿ. ಅಸೋಸಿಯೇಷನ್ ನಡೆಸುವ ಬೋರ್ಡಿನ ಸಭೆಯ ನಡಾವಳಿ ನೋಡುವ ಹಕ್ಕು ನಿಮಗಿದೆ, ಅದರಲ್ಲಿ ಆ ಬಣ್ಣಕ್ಕೆ ಒಪ್ಪಿಗೆ ಕೊಟ್ಟದ್ದು ಸಿಗಬಹುದು. ಆದರೆ ಒಂದು ಮಾತು ಕೇಳಿ. ಪಕ್ಕದ ಮನೆಯವರ ಮೇಲೆ ದೂರು ಕೊಟ್ಟ ಹಾಗೆ ಬರೆಯಬೇಡಿ. ‘ಇಂಥ ಬಣ್ಣಕ್ಕೆ ಮೊದಲು ಒಪ್ಪಿಗೆ ಸಿಕ್ಕಿದೆ, ನಮಗೂ ಕೊಡಿ’ ಅಂತ ಬರೆಯಿರಿ. ಇದೇ ಬೀದಿಯಲ್ಲಿ ನೀವು ಇನ್ನೂ ಇಪ್ಪತ್ತು ವರ್ಷ ಬದುಕಬೇಕು, ಅಲ್ವಾ?

ತೋರಣದ ವಿಷಯದಲ್ಲಿ ಮಾತ್ರ ನೀವು ಹಿಂದೆ ಸರಿಯಬಾರದು. 2020ರ ಜನವರಿ 1ರಿಂದ ಕ್ಯಾಲಿಫೋರ್ನಿಯಾದಲ್ಲಿ ಒಂದು ಕಾನೂನು ಜಾರಿಯಲ್ಲಿದೆ, ಸಿವಿಲ್ ಕೋಡ್ 4706. ಮುಂಬಾಗಿಲಿನ ಮೇಲೆ ಅಥವಾ ಅದರ ಚೌಕಟ್ಟಿನ ಮೇಲೆ ಧಾರ್ಮಿಕ ವಸ್ತು ಇಡುವುದನ್ನು ಅಸೋಸಿಯೇಷನ್ನಿನ ಯಾವ ದಾಖಲೆಯೂ ತಡೆಯುವಂತಿಲ್ಲ ಅನ್ನುತ್ತದೆ ಅದು. ಯಹೂದಿಗಳು ಬಾಗಿಲ ಚೌಕಟ್ಟಿಗೆ ಕಟ್ಟುವ ಮೆಜೂಜಾಕ್ಕೆ ಎಷ್ಟು ರಕ್ಷಣೆ ಇದೆಯೋ ನಮ್ಮ ಮಾವಿನ ತೋರಣಕ್ಕೂ ಅಷ್ಟೇ ರಕ್ಷಣೆ ಇದೆ. ಶ್ರದ್ಧೆಯಿಂದ ಕಟ್ಟಿದ್ದು ಅನ್ನುವುದು ಮುಖ್ಯ. ನಿಮ್ಮ ಪತ್ರದಲ್ಲಿ ಅದನ್ನು ಒಂದು ಸಾಲಿನಲ್ಲಿ ಹೇಳಿ. ತೋರಣ ಅಂದರೆ ಏನು, ಯಾಕೆ ಕಟ್ಟುತ್ತೇವೆ ಅಂತ. ಬೋರ್ಡಿನವರಿಗೆ ಅದು ಪಾರ್ಟಿಯ ಅಲಂಕಾರ ಅನ್ನಿಸಿರಬಹುದು.

ಈ ಹಕ್ಕಿಗೆ ಅಳತೆ ಇದೆ. ವಸ್ತುಗಳೆಲ್ಲ ಸೇರಿ 36 ಇಂಚು ಉದ್ದ, 12 ಇಂಚು ಅಗಲದಷ್ಟು ಜಾಗ ಮೀರಬಾರದು. ಇಲ್ಲಿನ ಮುಂಬಾಗಿಲು ಸಾಮಾನ್ಯವಾಗಿ 36 ಇಂಚು ಅಗಲ ಇರುತ್ತದೆ. ಅಂದರೆ ಬಾಗಿಲಿನಷ್ಟೇ ಅಗಲದ, ಒಂದಡಿಗಿಂತ ಕಡಿಮೆ ಇಳಿಬಿದ್ದ ತೋರಣ ಸರಿಯಾಗಿ ಕೂರುತ್ತದೆ. ತೊಂದರೆ ಬರುವುದು ತೋರಣದ ಜೊತೆ ಗಣಪತಿಯ ಟೈಲ್, ಎರಡೂ ಕಡೆ ಇಳಿಬಿಟ್ಟ ಹೂವಿನ ಸರ ಎಲ್ಲ ಸೇರಿದಾಗ. ಆಗ ಒಟ್ಟು ಅಳತೆ ಮೀರುತ್ತದೆ. ಬಾಗಿಲು ತೆಗೆಯಲು, ಹಾಕಲು ಅಡ್ಡ ಬರಬಾರದು, ಯಾರ ಸುರಕ್ಷತೆಗೂ ತೊಂದರೆ ಆಗಬಾರದು ಅಂತಲೂ ಇದೆ. ಇವತ್ತೇ ಟೇಪ್ ಹಿಡಿದು ಅಳೆಯಿರಿ. ಅಳತೆಯ ಜೊತೆ ಫೋಟೊ ತೆಗೆದು, 4706ರ ಹೆಸರು ಹೇಳಿ, ಹಿಯರಿಂಗ್‌ಗೆ ಮೊದಲೇ ಕಳಿಸಿ. ನಾನು ಕಂಡ ಮಟ್ಟಿಗೆ ಇಂಥ ಪತ್ರ ಹೋದರೆ ತೋರಣದ ಮಾತು ಅಲ್ಲಿಗೇ ನಿಲ್ಲುತ್ತದೆ. ಮ್ಯಾನೇಜ್ಮೆಂಟ್ ಕಂಪನಿಯ ಗುಮಾಸ್ತರು ಅಚ್ಚಿನ ನೋಟಿಸ್ ಕಳಿಸಿರುತ್ತಾರೆ, ಬೋರ್ಡ್ ಅದನ್ನು ಓದಿಯೂ ಇರುವುದಿಲ್ಲ.

ನಿಮ್ಮ ನಾದಿನಿ ಹೇಳಿದ್ದು ಅವರ ರಾಜ್ಯಕ್ಕೆ ಬಹುಮಟ್ಟಿಗೆ ಸರಿ. ಟೆಕ್ಸಾಸ್‌ನಲ್ಲಿ ಮೊದಲು ಬಾಗಿಲಿಗೆ ಮಾತ್ರ, ಅದೂ 25 ಚದರ ಇಂಚಿಗೆ ಮಾತ್ರ ರಕ್ಷಣೆ ಇತ್ತು. 2021ರಲ್ಲಿ ಅದನ್ನು ಮನೆಯ ಜಾಗಕ್ಕೂ ಹಿಗ್ಗಿಸಿದರು. ಕ್ಯಾಲಿಫೋರ್ನಿಯಾದ ಈ ಕಾನೂನು ಬಾಗಿಲು ಮತ್ತು ಚೌಕಟ್ಟಿಗೆ ನಿಲ್ಲುತ್ತದೆ, ಅಂಗಳಕ್ಕೆ ಇಳಿಯುವುದಿಲ್ಲ. ನಮ್ಮವರು ಡಲ್ಲಾಸ್, ನ್ಯೂಜೆರ್ಸಿ, ಫ್ರೀಮಾಂಟ್ ಎಲ್ಲ ಕಡೆ ಇದ್ದೇವೆ. ವಾಟ್ಸಾಪ್‌ನಲ್ಲಿ ಒಬ್ಬರ ಅನುಭವ ಇನ್ನೊಬ್ಬರಿಗೆ ಹೋಗುತ್ತದೆ. ಎಚ್‌ಒಎ ವಿಷಯದಲ್ಲಿ ರಾಜ್ಯ ದಾಟಿದರೆ ಕಾನೂನೇ ಬದಲಾಗುತ್ತದೆ.

ಈಗ ಪ್ಯಾಟಿಯೊ ಕವರ್. ಇದರ ಬಗ್ಗೆ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ. ಇಲ್ಲಿ ಅನ್ಯಾಯವಾಗಿದೆ, ಮತ್ತು ಇಂಥ ಒಂದು ಸಾಲಿನ ಉತ್ತರ ಕಂಡು ಎಷ್ಟೋ ಜನ ಅಲ್ಲಿಗೇ ಕೈಬಿಡುತ್ತಾರೆ.

ಕ್ಯಾಲಿಫೋರ್ನಿಯಾದ ಎಚ್‌ಒಎಗಳಿಗೆಲ್ಲ ಮೂಲ 1985ರ ಡೇವಿಸ್-ಸ್ಟರ್ಲಿಂಗ್ ಕಾಯ್ದೆ. ಅದರಲ್ಲಿ ಮನೆಯ ಹೊರಗಿನ ಬದಲಾವಣೆಗೆ ಅಂತಲೇ ಒಂದು ಸೆಕ್ಷನ್ ಇದೆ, ಸಿವಿಲ್ ಕೋಡ್ 4765. ಈ ನಂಬರನ್ನು ಬರೆದಿಟ್ಟುಕೊಳ್ಳಿ. ಒಪ್ಪಿಗೆ ಕೊಡುವ ಕ್ರಮ ನ್ಯಾಯವಾಗಿ, ಸಮಂಜಸವಾಗಿ, ಬೇಗ ಮುಗಿಯುವಂತೆ ಇರಬೇಕು ಅನ್ನುತ್ತದೆ ಅದು. ಎಷ್ಟು ದಿನದೊಳಗೆ ಉತ್ತರ ಕೊಡುತ್ತೇವೆ ಅಂತ ಅಸೋಸಿಯೇಷನ್ನಿನ ದಾಖಲೆಯಲ್ಲೇ ಬರೆದಿರಬೇಕು. ತೀರ್ಮಾನ ಪ್ರಾಮಾಣಿಕವಾಗಿರಬೇಕು, ಮನಸ್ಸಿಗೆ ಬಂದಂತೆ ಇರಬಾರದು. ಉತ್ತರ ಬರಹದಲ್ಲೇ ಇರಬೇಕು. ಬೇಡ ಅಂದರೆ ಯಾಕೆ ಬೇಡ ಅಂತ ವಿವರಿಸಬೇಕು, ಮತ್ತೆ ಪರಿಶೀಲನೆಗೆ ಹೇಗೆ ಕೇಳಬೇಕು ಅನ್ನುವುದನ್ನೂ ಅದೇ ಪತ್ರದಲ್ಲಿ ಹೇಳಬೇಕು. ಬೇಡ ಅಂದದ್ದು ಕಮಿಟಿಯಾದರೆ, ಬೋರ್ಡಿನ ತೆರೆದ ಸಭೆಯಲ್ಲಿ ಅದನ್ನು ಮತ್ತೆ ನೋಡಿಸುವ ಹಕ್ಕು ನಿಮಗಿದೆ.

ನಿಮಗೆ ಬಂದ ಒಂದು ಸಾಲನ್ನು ಈಗ ಇದರ ಪಕ್ಕದಲ್ಲಿಟ್ಟು ನೋಡಿ. ಯಾವ ನಿಯಮಕ್ಕೆ ಹೊಂದುವುದಿಲ್ಲ? ಎತ್ತರ ಜಾಸ್ತಿಯಾಯಿತೇ? ಬೇಲಿಗೆ ತೀರಾ ಹತ್ತಿರವಾಯಿತೇ? ಛಾವಣಿಯ ಬಣ್ಣವೇ, ಲೋಹದ ಕಂಬವೇ? ಒಂದೂ ಇಲ್ಲ. ಕಾರಣ ಗೊತ್ತಿಲ್ಲದೆ ನೀವು ನಕ್ಷೆ ತಿದ್ದುವುದಾದರೂ ಹೇಗೆ? ಮತ್ತೆ ಪರಿಶೀಲನೆಗೆ ದಾರಿಯನ್ನೂ ಹೇಳಿಲ್ಲ.

ಆದ್ದರಿಂದ ಬೋರ್ಡಿಗೆ ಒಂದು ಚಿಕ್ಕ ಪತ್ರ ಬರೆಯಿರಿ, ಸಿಟ್ಟಿಲ್ಲದೆ. ಇಂಥ ತಾರೀಖು ಅರ್ಜಿ ಕೊಟ್ಟೆವು, ಇಂಥ ತಾರೀಖು ನಿರಾಕರಣೆ ಬಂತು, 4765ರ ಪ್ರಕಾರ ಅದರಲ್ಲಿ ಕಾರಣ ಮತ್ತು ಮರುಪರಿಶೀಲನೆಯ ವಿವರ ಇರಬೇಕಿತ್ತು, ಎರಡನ್ನೂ ಬರಹದಲ್ಲಿ ಕೊಡಿ, ಮುಂದಿನ ತೆರೆದ ಸಭೆಯಲ್ಲಿ ಮರುಪರಿಶೀಲನೆಗೆ ಇಡಿ. ಇಷ್ಟೇ ಸಾಕು. ಇಮೇಲ್ ಮಾಡಿ, ಒಂದು ಪ್ರತಿಯನ್ನು ಸರ್ಟಿಫೈಡ್ ಮೇಲ್‌ನಲ್ಲೂ ಕಳಿಸಿ. ಫೋನಿನಲ್ಲಿ ಮ್ಯಾನೇಜರ್ ಏನೇ ಹೇಳಲಿ, ‘ದಯವಿಟ್ಟು ಅದನ್ನೇ ಇಮೇಲ್‌ನಲ್ಲಿ ಬರೆದು ಕಳಿಸಿ’ ಅನ್ನಿ.

ಕಮಿಟಿಯಲ್ಲಿದ್ದವರ ಕಡೆಯಿಂದಲೂ ಒಂದು ಮಾತು ಹೇಳಬೇಕು. ಅವರು ಸಂಬಳ ಇಲ್ಲದೆ ಕೆಲಸ ಮಾಡುವ ನಿಮ್ಮಂಥ ನೆರೆಯವರು. ನಾವು ತಿಂಗಳಿಗೊಮ್ಮೆ ಸಂಜೆ ಕೆಲಸ ಮುಗಿಸಿಕೊಂಡು ಸೇರುತ್ತಿದ್ದೆವು. ಮೇಜಿನ ಮೇಲೆ ಹತ್ತು, ಹನ್ನೆರಡು ಫೈಲು. ನಾವು ಬೇಡ ಅಂದ ಅರ್ಜಿಗಳಲ್ಲಿ ಹೆಚ್ಚಿನವು ಕೆಟ್ಟ ಯೋಜನೆಗಳಲ್ಲ, ಅರೆಬರೆ ಕಾಗದಗಳು. ‘ಹಿತ್ತಿಲಿಗೆ ಶೀಟು ಹಾಕಿಸುತ್ತೇವೆ’ ಅಂತ ಬರೆದು ಕೊಟ್ಟರೆ ಏನಂತ ಒಪ್ಪುವುದು? ಒಂದು ಸಲ ಒಂದು ಪರ್ಗೋಲಾ ಅರ್ಜಿಯನ್ನು ಎರಡು ಬಾರಿ ವಾಪಸ್ ಕಳಿಸಿದ್ದೆವು. ಮೂರನೇ ಸಲ ಮನೆಯ ಮಗಳು, ಕಾಲೇಜು ಹುಡುಗಿ, ಗ್ರಾಫ್ ಹಾಳೆಯ ಮೇಲೆ ಅಚ್ಚುಕಟ್ಟಾಗಿ ಬರೆದು ತಂದಳು. ಬೇಲಿಯಿಂದ ಎಷ್ಟು ಅಡಿ, ಕಂಬ ಎಲ್ಲಿ, ಎತ್ತರ ಎಷ್ಟು, ಪಕ್ಕದ ಮನೆಯ ಕಿಟಕಿ ಎಲ್ಲಿ ಬರುತ್ತದೆ. ಐದು ನಿಮಿಷದಲ್ಲಿ ಒಪ್ಪಿಗೆ ಕೊಟ್ಟೆವು. ಯೋಜನೆ ಮೊದಲ ಸಲ ಇದ್ದದ್ದೇ.

ನಿಮ್ಮ ಮುಂದಿನ ಅರ್ಜಿಯಲ್ಲಿ ಅಳತೆ ಹಾಕಿದ ನಕ್ಷೆ ಇರಲಿ, ನಾಲ್ಕು ಕಡೆಯಿಂದ ತೆಗೆದ ಫೋಟೊ ಇರಲಿ. ಸಾಮಾನು ಯಾವುದು, ಬಣ್ಣ ಯಾವುದು, ಕಂಟ್ರಾಕ್ಟರ್ ಯಾರು, ಲೈಸೆನ್ಸ್ ನಂಬರ್ ಎಷ್ಟು ಅಂತ ಬರೆಯಿರಿ. ಅಕ್ಕಪಕ್ಕದವರಿಗೆ ಮೊದಲೇ ನಕ್ಷೆ ತೋರಿಸಿ ಸಹಿ ಹಾಕಿಸಿಕೊಂಡರೆ ಅರ್ಧ ಕೆಲಸ ಆದ ಹಾಗೆ. ಸಿಟಿಯ ಪರ್ಮಿಟ್ ಬೇರೆ, ಎಚ್‌ಒಎ ಒಪ್ಪಿಗೆ ಬೇರೆ. ಒಂದು ಸಿಕ್ಕಿದ ಮಾತ್ರಕ್ಕೆ ಇನ್ನೊಂದು ಸಿಕ್ಕಂತಲ್ಲ. ಉತ್ತರ ಬರುವ ಗಡುವು ದಾಟಿದರೆ ಏನಾಗುತ್ತದೆ ಅನ್ನುವುದನ್ನೂ ನಿಮ್ಮ ಸಿಸಿ ಅಂಡ್ ಆರ್‌ನಲ್ಲಿ ಓದಿ. ಕೆಲವು ಬಡಾವಣೆಗಳಲ್ಲಿ ‘ಒಪ್ಪಿಗೆ ಸಿಕ್ಕಂತೆ’ ಅಂತ ಇರುತ್ತದೆ, ಇನ್ನು ಕೆಲವದರಲ್ಲಿ ‘ನಿರಾಕರಿಸಿದಂತೆ’ ಅಂತ ಇರುತ್ತದೆ. ಓದದೆ ಕೆಲಸ ಶುರು ಮಾಡಿದರೆ ಕಷ್ಟ.

ಸೋಲಾರ್‌ಗೆ ನೀವು ಹೆದರಬೇಕಿಲ್ಲ. ಕ್ಯಾಲಿಫೋರ್ನಿಯಾ 1978ರಲ್ಲೇ ಸೋಲಾರ್ ಹಕ್ಕಿನ ಕಾಯ್ದೆ ಮಾಡಿತ್ತು. ಸಿವಿಲ್ ಕೋಡ್ 714ರ ಪ್ರಕಾರ ಅಸೋಸಿಯೇಷನ್ ಷರತ್ತು ಹಾಕಬಹುದು. ಆದರೆ ಆ ಷರತ್ತಿನಿಂದ ನಿಮ್ಮ ಖರ್ಚು 1,000 ಡಾಲರ್‌ಗಿಂತ ಹೆಚ್ಚಾಗಬಾರದು, ವಿದ್ಯುತ್ ಉತ್ಪಾದನೆಯ ಸಾಮರ್ಥ್ಯ ಶೇ. 10ಕ್ಕಿಂತ ಕಡಿಮೆಯಾಗಬಾರದು. ಅರ್ಜಿ ಕೊಟ್ಟ 45 ದಿನದೊಳಗೆ ಬರಹದಲ್ಲಿ ಬೇಡ ಅನ್ನದಿದ್ದರೆ ಒಪ್ಪಿಗೆ ಸಿಕ್ಕಂತೆ. ಅವರು ನ್ಯಾಯವಾಗಿ ಇನ್ನಷ್ಟು ಮಾಹಿತಿ ಕೇಳಿದ್ದರೆ ಮಾತ್ರ ಗಡುವು ಮುಂದೆ ಹೋಗುತ್ತದೆ. ‘ಬೀದಿಗೆ ಕಾಣಬಾರದು, ಹಿಂದಿನ ಛಾವಣಿಗೆ ಹಾಕಿ’ ಅಂತ ಅವರು ಹೇಳುವ ಸಾಧ್ಯತೆ ಹೆಚ್ಚು. ಹಿಂದಿನ ಇಳಿಜಾರು ಉತ್ತರಕ್ಕಿದ್ದರೆ ಬಿಸಿಲು ಬೀಳುವುದು ಕಡಿಮೆ. ಎರಡೂ ಜಾಗಕ್ಕೆ ವರ್ಷಕ್ಕೆ ಎಷ್ಟು ಯೂನಿಟ್ ಬರುತ್ತದೆ ಅಂತ ಇನ್‌ಸ್ಟಾಲರ್‌ನಿಂದ ಲೆಕ್ಕ ಹಾಕಿಸಿ ಅರ್ಜಿಯ ಜೊತೆಗೇ ಕೊಡಿ. ಆ ಒಂದು ಹಾಳೆ ಎಷ್ಟೋ ವಾದವನ್ನು ಉಳಿಸುತ್ತದೆ.

ಮುಂದಿನ ಹುಲ್ಲು ತೆಗೆಯುವುದಕ್ಕೂ ಕಾನೂನಿನ ಬೆಂಬಲ ಇದೆ. ಹುಲ್ಲಿನ ಬದಲು ಕಡಿಮೆ ನೀರು ಕುಡಿಯುವ ಗಿಡ ಹಾಕುವುದನ್ನು ಅಸೋಸಿಯೇಷನ್ ನಿಷೇಧಿಸುವಂತಿಲ್ಲ, ಅದು ಸಿವಿಲ್ ಕೋಡ್ 4735. ಯಾವ ತರಹ ಜೋಡಿಸಬೇಕು ಅಂತ ಹೇಳಬಹುದು, ಬೇಡವೇ ಬೇಡ ಅನ್ನಲಾಗದು. ಇದಕ್ಕೂ ಅರ್ಜಿ ಹಾಕಿಯೇ ಮಾಡಿ.

ರೇಲಿಂಗ್ ವಿಷಯ ಅತ್ತೆಯವರ ಕಾಲಿನದ್ದು, ಅದನ್ನು ಬಣ್ಣದ ಜಗಳದ ಜೊತೆ ಸೇರಿಸಬೇಡಿ. ಬೇರೆ ಅರ್ಜಿ ಮಾಡಿ, ಡಾಕ್ಟರ್ ಚೀಟಿ ಲಗತ್ತಿಸಿ. ಅಂಗವೈಕಲ್ಯ ಇರುವವರು ಓಡಾಡಲು ಬೇಕಾದ ಬದಲಾವಣೆಯನ್ನು, ಬೀದಿಯಿಂದ ಬಾಗಿಲವರೆಗಿನ ದಾರಿಯನ್ನೂ ಸೇರಿಸಿ, ಮನೆಯವರ ಖರ್ಚಿನಲ್ಲಿ ಮಾಡಿಕೊಳ್ಳಲು ಸಿವಿಲ್ ಕೋಡ್ 4760 ಅವಕಾಶ ಕೊಡುತ್ತದೆ. ನಕ್ಷೆ ಕೊಡಬೇಕು, ಆದರೆ ಬಲವಾದ ಕಾರಣ ಇಲ್ಲದೆ ಅವರು ನಿರಾಕರಿಸುವಂತಿಲ್ಲ. ಮೊಣಕಾಲಿನ ತೊಂದರೆ ಎಷ್ಟಿದೆ ಅನ್ನುವುದು ಚೀಟಿಯಲ್ಲಿ ಸ್ಪಷ್ಟವಾಗಿರಲಿ. ಸುಮ್ನೆ ‘ವಯಸ್ಸಾಗಿದೆ’ ಅಂದರೆ ಸಾಲದು.

ಹಿಯರಿಂಗ್ ಮತ್ತು ದಂಡದ ಭಯ ನಿಮ್ಮ ಪತ್ರದಲ್ಲಿ ಎದ್ದು ಕಾಣುತ್ತದೆ. 2025ರ ಜೂನ್ 30ರಂದು ಸಹಿಯಾದ ಎಬಿ 130 ಕಾನೂನು ಇಲ್ಲಿ ನಿಮ್ಮ ಪರವಾಗಿದೆ. ಒಂದು ಉಲ್ಲಂಘನೆಗೆ 100 ಡಾಲರ್‌ಗಿಂತ ಹೆಚ್ಚು ದಂಡ ಹಾಕುವಂತಿಲ್ಲ. ಅದರಿಂದ ಬೇರೆಯವರ ಆರೋಗ್ಯಕ್ಕೋ ಸುರಕ್ಷತೆಗೋ ಅಪಾಯ ಇದೆ ಅಂತ ಬೋರ್ಡ್ ತೆರೆದ ಸಭೆಯಲ್ಲಿ ಬರೆದು ದಾಖಲಿಸಿದರೆ ಮಾತ್ರ ಹೆಚ್ಚಿಸಬಹುದು. ಬಾಗಿಲ ಬಣ್ಣದಿಂದ ಯಾರ ಆರೋಗ್ಯ ಕೆಡುತ್ತದೆ? ಇನ್ನೂ ಮುಖ್ಯವಾದದ್ದು: ಹಿಯರಿಂಗ್‌ಗೆ ಮೊದಲೇ ತಪ್ಪು ಸರಿಪಡಿಸಿದರೆ ದಂಡವೇ ಇಲ್ಲ. ಅಷ್ಟರೊಳಗೆ ಮುಗಿಯದಿದ್ದರೆ, ಸರಿಪಡಿಸಲು ದುಡ್ಡು ಕಟ್ಟಿದ ದಾಖಲೆ ತೋರಿಸಬಹುದು, ಉದಾಹರಣೆಗೆ ಪೇಂಟರ್‌ಗೆ ಕೊಟ್ಟ ಅಡ್ವಾನ್ಸ್‌ನ ರಸೀದಿ. ಹಿಯರಿಂಗ್‌ನ ನೋಟಿಸು ಕನಿಷ್ಠ 10 ದಿನ ಮೊದಲು ಬರಬೇಕು, ನಿಮಗೆ ಬಂದಿದೆ. ಬರೇ ದಂಡ ಬಾಕಿ ಇದೆ ಅಂತ ಕೋರ್ಟಿಗೆ ಹೋಗದೆ ಮನೆಯನ್ನು ಹರಾಜು ಹಾಕಲು ಅವರಿಗೆ ಅಧಿಕಾರ ಇಲ್ಲ. ಈ ಭಯ ಎಷ್ಟೋ ನಮ್ಮವರಲ್ಲಿ ಇದೆ, ಅದಕ್ಕೇ ಹೇಳಿದೆ. ಮಾಸಿಕ ಅಸೆಸ್‌ಮೆಂಟ್ (ಎಚ್‌ಒಎಗೆ ಕಟ್ಟುವ ಶುಲ್ಕ) ಬಾಕಿ ಉಳಿಸಿಕೊಳ್ಳುವುದು ಮಾತ್ರ ಬೇರೆ ಕಥೆ, ಜಗಳದ ಸಿಟ್ಟಿನಲ್ಲಿ ಅದನ್ನು ಎಂದೂ ನಿಲ್ಲಿಸಬೇಡಿ.

ನಿಜವಾದ ಅಪಾಯ ದಂಡದಲ್ಲಿಲ್ಲ, ಕೋರ್ಟಿನಲ್ಲಿದೆ. ಬಣ್ಣ ಬದಲಿಸುವುದಿಲ್ಲ ಅಂತ ಹಟ ಹಿಡಿದರೆ ಅಸೋಸಿಯೇಷನ್ ಕೇಸು ಹಾಕಬಹುದು. ಈ ಕಾಯ್ದೆಯಡಿ ಗೆದ್ದವರ ವಕೀಲರ ಖರ್ಚನ್ನು ಸೋತವರು ಕೊಡಬೇಕು. ನೂರು ಡಾಲರ್‌ನ ವಿಷಯ ಹತ್ತಾರು ಸಾವಿರಕ್ಕೆ ಮುಟ್ಟುವುದು ಹೀಗೆ. ಅದಕ್ಕೇ ಬಣ್ಣವನ್ನು ಬಿಟ್ಟುಕೊಡಿ ಅಂತ ಹೇಳುತ್ತಿದ್ದೇನೆ. ಅದೇ ನಿಯಮ ಅವರಿಗೂ ಅನ್ವಯಿಸುತ್ತದೆ. ತೋರಣದ ವಿಷಯದಲ್ಲಿ ಅವರ ವಕೀಲರೇ ಅವರಿಗೆ ಬೇಡ ಅನ್ನುತ್ತಾರೆ.

ಬೋರ್ಡ್ ಮರುಪರಿಶೀಲನೆಯಲ್ಲೂ ಕಾರಣ ಕೊಡದಿದ್ದರೆ ಅಥವಾ ಮೊದಲ ತೀರ್ಮಾನವೇ ಬೋರ್ಡಿನದ್ದಾಗಿದ್ದರೆ, ಐಡಿಆರ್, ಅಂದರೆ ಅಸೋಸಿಯೇಷನ್ ಒಳಗೇ ಜಗಳ ಬಗೆಹರಿಸುವ ಮಾತುಕತೆ ಕೇಳಿ. ಬೋರ್ಡಿನ ಒಬ್ಬ ಸದಸ್ಯರು ನಿಮ್ಮ ಜೊತೆ ಕೂತು ಮಾತಾಡಬೇಕು. ನೀವು ಬರಹದಲ್ಲಿ ಕೇಳಿದರೆ ಅವರು ಬರಲೇಬೇಕು, ಅದಕ್ಕೆ ನಿಮ್ಮಿಂದ ಶುಲ್ಕ ತೆಗೆದುಕೊಳ್ಳುವಂತಿಲ್ಲ. ನಾನು ಕಂಡ ಜಗಳಗಳಲ್ಲಿ ಬಹಳಷ್ಟು ಆ ಮೇಜಿನ ಮೇಲೇ ಮುಗಿದಿವೆ. ಮುಖ ನೋಡಿ ಮಾತಾಡುವಾಗ ‘ಅಂದಕ್ಕೆ ಹೊಂದುವುದಿಲ್ಲ’ ಅನ್ನುವ ಒಂದು ಸಾಲು ಸಾಕಾಗುವುದಿಲ್ಲ.

ದೀಪಾವಳಿಯ ದೀಪದ ಬಗ್ಗೆ ನೀವು ಕೇಳಿಲ್ಲ, ಆದರೆ ಈ ವರ್ಷ ಅದೂ ಬರಲಿದೆ. ಎಷ್ಟೋ ಬಡಾವಣೆಗಳಲ್ಲಿ ಹಬ್ಬದ ದೀಪಗಳಿಗೆ ಥ್ಯಾಂಕ್ಸ್‌ಗಿವಿಂಗ್‌ನಿಂದ ಜನವರಿಯ ತನಕ ಅಂತ ಬರೆದಿರುತ್ತಾರೆ. ಅಕ್ಟೋಬರ್ ಕೊನೆ, ನವೆಂಬರ್ ಮೊದಲು ಯಾರ ನೆನಪಿಗೂ ಬಂದಿರುವುದಿಲ್ಲ. ಇದಕ್ಕೆ ಒಪ್ಪಿಗೆ ಕೇಳುವುದಕ್ಕಿಂತ ನಿಯಮವನ್ನೇ ತಿದ್ದಿಸುವುದು ಒಳ್ಳೆಯದು. ಬೋರ್ಡ್ ನಿಯಮ ಬದಲಿಸುವಾಗ ಸದಸ್ಯರಿಗೆ 28 ದಿನ ಮೊದಲು ತಿಳಿಸಬೇಕು, ಅವರ ಅಭಿಪ್ರಾಯ ಕೇಳಬೇಕು. ಬೀದಿಯ ನಾಲ್ಕು ಮನೆಯವರು ಸೇರಿ ಈಗಲೇ ಒಂದು ಮನವಿ ಕೊಡಿ, ಹಬ್ಬದೊಳಗೆ ಆಗುತ್ತದೆ. ಸಾಧ್ಯವಾದರೆ ನಿಮ್ಮಲ್ಲೇ ಒಬ್ಬರು ಕಮಿಟಿಗೆ ಸೇರಿ. ಕಮಿಟಿಗೆ ಜನ ಸಿಗುವುದೇ ಕಷ್ಟ, ಕೇಳಿದವರನ್ನು ಸಾಮಾನ್ಯವಾಗಿ ಸೇರಿಸಿಕೊಳ್ಳುತ್ತಾರೆ.

ಕೊನೆಗೆ ತುಳಸಿ ಕಟ್ಟೆ. ಅತ್ತೆಯವರಿಗೆ ಇದನ್ನು ಹೇಗೆ ಹೇಳುವುದು ಅನ್ನುವುದೇ ನಿಮಗೆ ಕಷ್ಟ ಇರಬಹುದು. ಮುಂದಿನ ಅಂಗಳದಲ್ಲಿ ಇಟ್ಟಿಗೆ, ಸಿಮೆಂಟಿನ ಕಟ್ಟೆ ಅಂದರೆ ಅದು ಕಟ್ಟಡದ ಲೆಕ್ಕಕ್ಕೆ ಬರುತ್ತದೆ. ಅದಕ್ಕೆ ಒಪ್ಪಿಗೆ ಬೇಕು, ಮತ್ತು ಅಸೋಸಿಯೇಷನ್ ಬೇಡ ಅನ್ನಬಹುದು. ಕೇಳಿ ನೋಡಿ, ನಕ್ಷೆ ಚೆನ್ನಾಗಿದ್ದರೆ ಸಿಕ್ಕರೂ ಸಿಗಬಹುದು. ಆದರೆ ನನ್ನ ಸಲಹೆ ಬೇರೆ. ಬೀದಿಗೆ ಕಾಣದ ಹಿತ್ತಿಲಿನ ನಿಯಮ ಸಾಮಾನ್ಯವಾಗಿ ಸಡಿಲ ಇರುತ್ತದೆ. ಅಡುಗೆಮನೆಯ ಹಿಂಬಾಗಿಲು ತೆಗೆದರೆ ಎದುರಿಗೆ ಕಾಣುವ ಹಾಗೆ, ಕಟ್ಟೆಯ ಆಕಾರದ ದೊಡ್ಡ ಕುಂಡ ಇಡಿ, ಕೆಳಗೆ ಚಕ್ರದ ಸ್ಟ್ಯಾಂಡ್ ಹಾಕಿಸಿ. ಇದು ಎಚ್‌ಒಎಗೋಸ್ಕರ ಮಾತ್ರ ಹೇಳುತ್ತಿಲ್ಲ. ತುಳಸಿ ಬಿಸಿಲು ನಾಡಿನ ಗಿಡ, ಹೆಪ್ಪುಗಟ್ಟುವ ಮಂಜು (ಫ್ರಾಸ್ಟ್) ಬಿದ್ದರೆ ಒಂದೇ ರಾತ್ರಿಗೆ ಕಪ್ಪಾಗುತ್ತದೆ. ಸ್ಯಾನ್ ರಮೋನ್ ಕಣಿವೆಯಲ್ಲಿ ಚಳಿಗಾಲದ ಕೆಲವು ರಾತ್ರಿ ಮಂಜು ಬಿದ್ದೇ ಬೀಳುತ್ತದೆ. ಕಟ್ಟಿದ ಕಟ್ಟೆಯಲ್ಲಿ ನೆಟ್ಟ ಗಿಡವನ್ನು ಎತ್ತಿ ಒಳಗೆ ತರಲು ಆಗುವುದಿಲ್ಲ. ತುಳಸಿ ಹಬ್ಬದ ದಿನ ಹಿತ್ತಿಲಲ್ಲೇ ಕುಂಡಕ್ಕೆ ನೆಲ್ಲಿಕೊಂಬೆ ಸಿಕ್ಕಿಸಿ ಪೂಜೆ ಮಾಡಲಿ. ಆ ವಾರ ಕಳೆದ ಮೇಲೆ ಕುಂಡವನ್ನು ಮೆಲ್ಲಗೆ ತಳ್ಳಿಕೊಂಡು ಬಂದು, ದಕ್ಷಿಣದ ಕಿಟಕಿಯ ಬಳಿ ಇಟ್ಟುಬಿಡಿ.